ಸೊಳ್ಳೆಪರದೆ ತೊಟ್ಟಿಲಿಗೆ ಬಂತು, ಬಸುರಿಗೆ ಬರಲಿಲ್ಲ

ಮಲೆನಾಡಿಗೆ ಹೆಣ್ಣು ಕೊಡಲು ಬಯಲುಸೀಮೆಯವರು ಹಿಂದೆಮುಂದೆ ನೋಡುತ್ತಿದ್ದ ಕಾಲವಿತ್ತು. ಮೂಡಿಗೆರೆ, ಸಕಲೇಶಪುರದ ಕಡೆ ಚಳಿಜ್ವರ, ಅಂದರೆ ಮಲೇರಿಯಾ, ಹಿಡಿದರೆ ಸುಲಭಕ್ಕೆ ಬಿಡುತ್ತಿರಲಿಲ್ಲ. ಹೊಟ್ಟೆಯಲ್ಲಿ ಜ್ವರಗಡ್ಡೆ (ಊದಿದ ಗುಲ್ಮ) ಬೆಳೆಯುತ್ತಿತ್ತು, ಬಸುರು ನಿಲ್ಲುತ್ತಿರಲಿಲ್ಲ. 1953ರಲ್ಲಿ ದೇಶದಲ್ಲೆಲ್ಲ ಸೊಳ್ಳೆ ಸಾಯಿಸಲು ಗೋಡೆಗೆ ಡಿಡಿಟಿ ಔಷಧಿ ಹೊಡೆಯುವ ಕಾರ್ಯಕ್ರಮ ಶುರುವಾಯಿತು. 1960ರ ದಶಕದ ನಡುವೆ ವರ್ಷಕ್ಕೆ ಸುಮಾರು 1 ಲಕ್ಷ ಪ್ರಕರಣಕ್ಕೆ ಇಳಿದ ಮಲೇರಿಯಾ 1976ರಲ್ಲಿ 64 ಲಕ್ಷ ದಾಟಿತು.

ಡಿಡಿಟಿ ಹೊಡೆದ ಗೋಡೆಯನ್ನು ಹಬ್ಬ ಬಂತೆಂದು ಸಾರಿಸಿಬಿಟ್ಟರೆ ಔಷಧಿ ಅದರಡಿಗೆ ಹೋಗುತ್ತಿತ್ತು. ಸೊಳ್ಳೆಯೂ ಔಷಧಿಗೆ ಒಗ್ಗಿಕೊಂಡಿತು.

1990ರ ದಶಕದಲ್ಲಿ ಕಥೆ ಬಯಲಿಗೆ ಇಳಿಯಿತು. ಮಲೆನಾಡಿನಲ್ಲಿ ಹರಿಯುವ ತೊರೆಯ ಸೊಳ್ಳೆ ಜ್ವರ ತಂದರೆ, ಅರಸೀಕೆರೆ ಕಡೆ ತಂದದ್ದು ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂಬ ಇನ್ನೊಂದು ಸೊಳ್ಳೆ. ಅದು ಬಾವಿಯಲ್ಲೂ ಮೊಟ್ಟೆ ಇಡುತ್ತದೆ. ಬಾಣಾವರದ ಸುತ್ತಿನ ಹಳ್ಳಿಗಳಲ್ಲಿ ಮಲೇರಿಯಾ ಸಂಶೋಧಕರು ಬಾವಿಗಳಿಗೆ ಗಪ್ಪಿ ಮೀನು ಬಿಟ್ಟರು. ಬೆರಳುದ್ದವೂ ಇಲ್ಲದ ಮೀನು, ನೀರಿನ ಮೇಲ್ಭಾಗದಲ್ಲೇ ಓಡಾಡಿ ಸೊಳ್ಳೆಮರಿ ತಿನ್ನುತ್ತದೆ. ವಿಷವಿಲ್ಲ, ಖರ್ಚು ಕಡಿಮೆ, ಒಂದು ಸಲ ಬಿಟ್ಟರೆ ಅದೇ ಮರಿ ಹಾಕುತ್ತದೆ. ಇಷ್ಟು ಚೆಂದದ ಉಪಾಯ ಸೊಳ್ಳೆ ಹುಟ್ಟುವ ಜಾಗಕ್ಕೇ ಕೈ ಹಾಕಿತು. ಆಮೇಲೆ ಬೋರ್‌ವೆಲ್ ಬಂದು ಎಷ್ಟೋ ಬಾವಿಗಳೇ ಬತ್ತಿದವು.

ಗೋಡೆ ನೋಡಿದೆವು, ಬಾವಿ ನೋಡಿದೆವು. ಚಾಪೆಯ ಮೇಲೆ ಮಲಗಿದ ಬಸುರಿಯ ಸರದಿ ತಡವಾಗಿಯೇ ಬಂತು, ಅಲ್ವಾ?

ಗ್ಯಾಂಬಿಯಾ ದೇಶದಲ್ಲಿ ನಡೆದು 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಸುರಿಯರತ್ತ ಸೊಳ್ಳೆ ಎರಡು ಪಟ್ಟು ಜಾಸ್ತಿ ಬಂದವು. ಅವರು ಹೆಚ್ಚು ಉಸಿರು ಬಿಡುತ್ತಾರೆ, ಹೊಟ್ಟೆಯ ಭಾಗ ಬಿಸಿಯಾಗಿರುತ್ತದೆ. ಫಾಲ್ಸಿಪಾರಂ ಜಾತಿಯ ರೋಗಾಣು ಮಾಸದಲ್ಲಿ, ಅಂದರೆ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಆಹಾರ ಕಳಿಸುವ ಅಂಗದಲ್ಲಿ, ಅಂಟಿಕೊಂಡು ಕೂರುತ್ತದೆ. ಆಗ ಬೆರಳಿನ ರಕ್ತದಲ್ಲಿ ಅದು ಕಾಣದೆಯೂ ಹೋಗಬಹುದು. ತಾಯಿಗೆ ರಕ್ತ ಕಡಿಮೆಯಾಗುತ್ತದೆ, ಮಗು ತೂಕವಿಲ್ಲದೆ ಹುಟ್ಟುತ್ತದೆ, ಕೆಲವೊಮ್ಮೆ ಉಳಿಯುವುದೇ ಇಲ್ಲ. ಚೊಚ್ಚಲ ಬಸುರಿಯಲ್ಲಿ ಅಪಾಯ ಜಾಸ್ತಿ.

ಔಷಧಿ ಲೇಪಿಸಿದ, ಬಹುಕಾಲ ಬಾಳುವ ಸೊಳ್ಳೆಪರದೆಯನ್ನು ಸರ್ಕಾರ 2009ರಿಂದ ಹಂಚುತ್ತಾ ಬಂತು. ಜ್ವರ ಜಾಸ್ತಿ ಇರುವ ಊರುಗಳಿಗೆ ಮೊದಲು. ಹಾಸನ, ಚಿಕ್ಕಮಗಳೂರಿನಲ್ಲಿ ಈಗ ಮಲೇರಿಯಾ ತೀರಾ ಕಡಿಮೆ. ಹಾಗಾಗಿ ಇಲ್ಲಿ ಪರದೆಯ ಮಾತು ಬರುವುದು ಹೆರಿಗೆಯ ನಂತರ. ಬಾಣಂತಿ ಕೋಣೆಗೆ, ತೊಟ್ಟಿಲಿಗೆ ತರುತ್ತಾರೆ. ಮೊದಲ ತಿಂಗಳುಗಳು ಹಾಗೇ ಕಳೆದಿರುತ್ತವೆ. ಇತ್ತ ತೋಟದ ಲೈನ್ ಮನೆಗಳಿಗೆ ಜಾರ್ಖಂಡ್, ಒಡಿಶಾದಂಥ ಜ್ವರದ ಊರುಗಳಿಂದಲೂ ಕೂಲಿಗೆ ಕುಟುಂಬಗಳು ಬರುತ್ತವೆ, ಅವರಲ್ಲೂ ಬಸುರಿಯರಿರುತ್ತಾರೆ. ತಾಯಿ ಕಾರ್ಡ್ ಕೈಗೆ ಕೊಡುವ ದಿನವೇ ಪರದೆಯನ್ನೂ ಕೊಟ್ಟರೆ ಎಷ್ಟು ಚೆನ್ನಾಗಿರುತ್ತಿತ್ತು.

ಇದು ಸುಮ್ನೆ ಆಸೆಯ ಮಾತಲ್ಲ. ವೈವಾಕ್ಸ್ ಜಾತಿಯ ರೋಗಾಣು ಯಕೃತ್ತಿನಲ್ಲಿ ಅಡಗಿ ಮತ್ತೆ ಏಳುತ್ತದೆ. ಅದನ್ನು ಬೇರುಸಹಿತ ಕೀಳುವ ಪ್ರೈಮಾಕ್ವಿನ್ ಮಾತ್ರೆಯನ್ನು ಬಸುರಿಗೆ ಕೊಡುವಂತಿಲ್ಲ. ಜ್ವರ ಇಳಿಸುವ ಕ್ಲೋರೋಕ್ವಿನ್ ಕೊಟ್ಟು, ಹೆರಿಗೆಯಾಗುವ ತನಕವಾದರೂ ಕಾಯಬೇಕು. ಅಷ್ಟು ತಿಂಗಳು ಹೊಸ ಸೊಳ್ಳೆಕಡಿತದಿಂದ ಅವಳ ರಾತ್ರಿಗಳನ್ನು ಕಾಯುವುದು ನಾಲ್ಕು ಮೊಳೆಗೆ ಕಟ್ಟಿದ ಆ ಪರದೆ.