ಸೋತ ರಾತ್ರಿ ಯಾರೂ ಮಾಳಗಿ ಇಳಿಲಿಲ್ಲ

2016ರ ಮೇ 29, ರವಿವಾರ. ಕಲಬುರಗಿ ಬ್ಯಾಸಗಿ ಅನುಭವಿಸಿದವರಿಗೆ ಗೊತ್ತದ, ರಾತ್ರಿ ಹತ್ತಾದ್ರೂ ಮಾಳಗಿ ಮ್ಯಾಲಿನ ಶಹಾಬಾದ್ ಫರಸಿ ಕಾಲಿಗೆ ಬಿಸಿ ಹತ್ತತಿರ್ತದ, ಎರಡು ಸಲ ನೀರು ಹೊಡೆದು ಚಾಪಿ ಹಾಸಿದ್ರೂ ಕೆಳಗಿಂದ ಕಾವು ಬರೋದು ನಿಲ್ಲಲ್ಲ. ಅವತ್ತು ನಮ್ ಓಣಿಯವರು ಇಪ್ಪತ್ತೈದು ಮಂದಿ ಅಂಥಾ ಒಂದು ಮಾಳಗಿ ಮ್ಯಾಲ ಕುಂತಿದ್ವಿ, ಕಾಕಾ ತಮ್ಮ ಮನಿ ಟಿವಿ ಮ್ಯಾಲ ತಂದು ಸ್ಟೂಲ್ ಮ್ಯಾಲ ಇಟ್ಟಿದ್ರು, ಕೆಳಗಿಂದ ಉದ್ದ ವಯರ್ ಎಳೆದಿದ್ರು, ನಡು ಒಂದು ದೊಡ್ಡ ಬುಟ್ಟಿ ಸುಸಲಾ, ಪೇಪರ್‌ನಾಗ ಮಿರ್ಚಿ. ಐಪಿಎಲ್ ಫೈನಲ್, ಹೈದರಾಬಾದ್ 208 ಹೊಡೆದಿತ್ತು, ಆದ್ರ ಗೇಲ್ 38 ಬಾಲಿಗೆ 76 ಬಾರಿಸಿ ನಮ್ ಆರ್‌ಸಿಬಿ, ಅಂದ್ರ ಬೆಂಗಳೂರು ಟೀಮ್, ಒಂದೂ ವಿಕೆಟ್ ಇಲ್ಲದ 114ಕ್ಕ ಬಂದಾಗ ಹುಡುಗರು ಪಟಾಕಿ ತರಾಕ ಸೈಕಲ್ ಹತ್ತಿ ಹೋಗಿಬಿಟ್ಟಿದ್ರು. ಕಡಿಗೆ 200ಕ್ಕ ನಿಂತ್ವಿ. ಎಂಟು ರನ್.

ಮ್ಯಾಚ್ ಮುಗಿತು, ಆದ್ರ ಯಾರೂ ಎದ್ದು ಹೋಗ್ಲಿಲ್ಲ. ಇದು ನಂಗ ಇವತ್ತಿಗೂ ನೆನಪದ. ಟಿವಿ ಬಂದ್ ಮಾಡಿದ ಮ್ಯಾಲ ಅರ್ಧಾ ತಾಸು ಹಂಗೇ ಕತ್ತಲದಾಗ ಕುಂತೇ ಇದ್ವಿ, ಕಾಕಾ ಮೊಣಕೈಗೆ ವಯರ್ ಸುತ್ಕೊಂತ "ಹೋಗ್ಲಿ ಬಿಡ್ರೋ, ಮುಂದಿನ ವರ್ಷ ನೋಡಮು" ಅಂದ್ರು. ಅಷ್ಟೊತ್ತಿಗೆ ನನ್ನ ಫೋನ್ ಬಾರಿಸ್ತು, ಹೈದರಾಬಾದ್‌ನಾಗ ಇರೋ ನಮ್ ಸೋದರಮಾವ. ಎತ್ತಲಿಲ್ಲ.

ಈಗ ಹೊರಗಿನವರಿಗೆ ಇದು ವಿಚಿತ್ರ ಅನಿಸ್ಬಹುದು. ಕಲಬುರಗಿಯಿಂದ ಹೈದರಾಬಾದ್ ಇನ್ನೂರು ಚಿಲ್ಲರ ಕಿಲೋಮೀಟರ್, ಬೆಂಗಳೂರು ಆರ್ನೂರರ ಹತ್ರ. ದೊಡ್ಡ ದವಾಖಾನಿಗೆ, ಮದುವಿ ಬಟ್ಟಿಗೆ, ಬಂಗಾರಕ್ಕ ನಮ್ ಮಂದಿ ಇವತ್ತಿಗೂ ಹೈದರಾಬಾದ್‌ಗೆ ಹೋಗ್ತಾರ. 1948ರ ತನಕ ನಾವು ನಿಜಾಮರ ರಾಜ್ಯದಾಗ ಇದ್ವಿ, ಬೆಂಗಳೂರು ನಮ್ಮ ರಾಜಧಾನಿ ಆಗಿದ್ದೇ 1956ರ ನವೆಂಬರ್ 1ಕ್ಕ, ನಮ್ಮಜ್ಜನ ಹೊಲದ ಕಾಗದ ಈಗಲೂ ಉರ್ದುದಾಗ ಅವ. ಅದರ ಮ್ಯಾಲ ಆರ್‌ಸಿಬಿ ಮೊದಲ ಮೂರು ಫೈನಲ್ ಸೋತದಲ್ಲ, ಅದರಾಗ ಎರಡು ಸೋತಿದ್ದು ಹೈದರಾಬಾದ್ ಟೀಮಿಗೇ. 2009ರಾಗ ಜೊಹಾನ್ಸ್‌ಬರ್ಗ್‌ನಾಗ ಡೆಕ್ಕನ್ ಚಾರ್ಜರ್ಸ್‌ಗೆ ಆರು ರನ್ನಿಂದ, ಅದೂ ಕುಂಬ್ಳೆ 16 ರನ್ ಕೊಟ್ಟು ನಾಕು ವಿಕೆಟ್ ತಗೊಂಡ ದಿನ, ಮತ್ತ 2016ರಾಗ ಸನ್‌ರೈಸರ್ಸ್‌ಗೆ. ಹತ್ರದ ಗೆಲ್ಲೋ ಟೀಮ್ ಬಿಟ್ಟು ದೂರದ ಸೋಲೋ ಟೀಮಿಗೆ ಓಣಿಗೆ ಓಣಿನೇ ಯಾಕ ಅಂಟ್ಕೊಂಡದ? ನಮ್ ರಾಜ್ಯ, ನಮ್ ಭಾಷಾ ಅನ್ನೋದು ಖರೇ ಅದ, ದೊಡ್ಡ ಕಾರಣನೇ ಅದು. ಆದ್ರ ಅದು ಹೆಂಗ ಶುರು ಆಯ್ತು ಅನ್ನೋದಕ್ಕ ಉತ್ತರ ಕೊಡ್ತದ, ಹದಿನೇಳು ವರ್ಷ ಹೆಂಗ ಉಳಿತು ಅನ್ನೋದಕ್ಕ ಸಾಲಲ್ಲ.

ಮೊದಲು ಎಲ್ಲಾರೂ ಹೇಳೋ ಕಾರಣ ನೋಡಮು, ಬಡವರ ಕಡಿ ನಿಲ್ಲೋದು ಮನುಷ್ಯನ ಗುಣ ಅಂತ. ಇದನ್ನ ಅಮೆರಿಕಾದಾಗ ಫ್ರೇಜಿಯರ್ ಮತ್ತ ಸ್ನೈಡರ್ ಅನ್ನೋ ಇಬ್ಬರು ಸಂಶೋಧಕರು 1991ರಾಗ ಭಾಳ ಸರಳವಾಗಿ ಪರೀಕ್ಷಾ ಮಾಡಿದ್ರು. ಕಾಲೇಜ್ ಹುಡುಗರಿಗೆ ಕೇಳಿದ್ರು, ಎ ಮತ್ತ ಬಿ ಅಂತ ಎರಡು ಟೀಮ್ ಅವ, ಏಳು ಮ್ಯಾಚಿನ ಸರಣಿ, ಎ ಟೀಮೇ ಗೆಲ್ತದ ಅಂತ ಎಲ್ಲಾರೂ ಅಂತಾರ, ನೀವು ಯಾರ ಕಡಿ? ಹತ್ರಾಗ ಎಂಟಕ್ಕಿಂತ ಜಾಸ್ತಿ ಮಂದಿ ಬಿ ಕಡಿ ಅಂದ್ರು. ಆಮ್ಯಾಲ ಇನ್ನೊಂದು ಮಾತು ಹೇಳಿದ್ರು, ಬಿ ಟೀಮ್ ಮೊದಲ ಮೂರು ಮ್ಯಾಚ್ ಗೆದ್ದುಬಿಡ್ತು ಅಂದ್ಕೊಳ್ರಿ, ಈಗ? ಅವರಾಗ ಸುಮಾರು ಅರ್ಧ ಮಂದಿ ತಿರುಗಿ ಎ ಕಡಿ ಹೋದ್ರು! ಅಂದ್ರ ಸಣ್ಣ ಟೀಮಿನ ಮ್ಯಾಲಿನ ಪ್ರೀತಿ ಖರೇ, ಆದ್ರ ಅದು ಗಾಳಿ ಬಂದ ಕಡಿ ವಾಲೋ ಪ್ರೀತಿ, ಮ್ಯಾಚ್ ರಂಗೇರ್ಲಿ ಅನ್ನೋ ಆಸೆನೂ ಅದರಾಗ ಸೇರಿರ್ತದ. 2007ರಾಗ ವ್ಯಾಂಡೆಲ್ಲೋ ಅನ್ನೋ ಮನೋವಿಜ್ಞಾನಿ ಮತ್ತ ಅವರ ಜೋಡಿದಾರರು ಇನ್ನೊಂದು ಗಂಟು ಬಿಚ್ಚಿದ್ರು, ಸೋಲೋ ಟೀಮೇ ರೊಕ್ಕದಾಗ ದೊಡ್ಡದದ ಅಂತ ಗೊತ್ತಾದ್ರ ಮಂದಿ ಕನಿಕರ ಇಳಿದುಬಿಡ್ತದ. ಈ ಲೆಕ್ಕದಾಗ ಆರ್‌ಸಿಬಿ ಬಡವರ ಟೀಮ್ ಅಲ್ಲವೇ ಅಲ್ಲ, ಕೊಹ್ಲಿ, ಗೇಲ್, ಡಿವಿಲಿಯರ್ಸ್ ಒಂದೇ ಟೀಮಿನಾಗ ಇದ್ರು. ಹಂಗಾರ ನಮ್ಮನ್ನ ಹಿಡಿದಿಟ್ಟಿದ್ದು ಕನಿಕರ ಅಲ್ಲ, ಬ್ಯಾರೆ ಏನೋ ಅದ.

ಅದನ್ನ ಹುಡುಕಬೇಕಂದ್ರ ಒಂದು ಸಣ್ಣ ಶಬ್ದದಿಂದ ಶುರು ಮಾಡ್ಬೇಕು, "ನಾವು" ಅನ್ನೋದು. 1976ರಾಗ ಪ್ರಕಟ ಆದ ಒಂದು ಅಭ್ಯಾಸಕ್ಕ ಮನೋವಿಜ್ಞಾನಿ ರಾಬರ್ಟ್ ಚಾಲ್ಡೀನಿ ಮತ್ತ ಅವರ ಸಂಗಡಿಗರು ಅಮೆರಿಕಾದ ಏಳು ವಿಶ್ವವಿದ್ಯಾಲಯದಾಗ ಸೋಮವಾರ ಸೋಮವಾರ ಕ್ಲಾಸಿಗೆ ಬರೋ ಹುಡುಗರ ಅಂಗಿ ಎಣಿಸಿದ್ರು, ಶನಿವಾರ ತಮ್ಮ ಫುಟ್‌ಬಾಲ್ ಟೀಮ್ ಗೆದ್ದಿದ್ರ ಕಾಲೇಜಿನ ಹೆಸರಿದ್ದ ಅಂಗಿ ಜಾಸ್ತಿ ಕಾಣ್ತಿದ್ವು. ಫೋನ್ ಮಾಡಿ ಮ್ಯಾಚ್ ಏನಾಯ್ತು ಅಂತ ಕೇಳಿದ್ರ ಗೆದ್ದಾಗ "ನಾವು ಗೆದ್ವಿ" ಅನ್ನೋರು ಹೆಚ್ಚು, ಸೋತಾಗ ಅದೇ ಬಾಯಿ "ಅವರು ಸೋತ್ರು" ಕಡಿ ಜಾರ್ತಿತ್ತು. ಗೆದ್ದವರ ಬೆಳಕಿನಾಗ ಮೈ ಕಾಯಿಸ್ಕೊಳೋದು, ಸೋತವರ ನೆರಳಿಂದ ಸರಿದು ನಿಲ್ಲೋದು, ಎಲ್ಲಾ ಕಡಿ ನಡೆಯೋದೇ.

ಆದ್ರ ನಮ್ ಮಾಳಗಿ ಮ್ಯಾಲ ಅವತ್ತು ನಾನು ಕೇಳಿದ್ದು "ಸೋತ್ವಿ". ಒಬ್ಬನೂ "ಸೋತ್ರು" ಅನ್ಲಿಲ್ಲ. "ಈ ಸಲ ಕಪ್ ನಮ್ದೆ" ಅನ್ನೋ ಮಾತು ನೋಡ್ರಿ, ಅದರಾಗ ಟೀಮಿನ ಹೆಸರೇ ಇಲ್ಲ, "ನಮ್ದೆ" ಅಷ್ಟ ಅದ. 1990ರಾಗ ವಾನ್ ಮತ್ತ ಬ್ರಾನ್ಸ್‌ಕೂಂಬ್ ಅನ್ನೋರು ಇದನ್ನೇ ತೋರಿಸಿದ್ರು, ಮೇಲ್ಮೇಲೆ ಇಷ್ಟಪಡೋರು ಸೋತಾಗ ದೂರ ಸರಿತಾರ, ಟೀಮ್ ಅನ್ನೋದು ಯಾರಿಗೆ ತಮ್ಮ ಗುರುತಿನ ಒಂದು ಭಾಗ ಆಗಿರ್ತದೋ ಅವರು ಸರಿಯಲ್ಲ, ಸರಿಯಾಕ ಆಗಲ್ಲ, ಯಾಕಂದ್ರ ಸರಿದ್ರ ತಮ್ಮಿಂದ ತಾವೇ ಸರಿದಂಗ. ಇದು ಬರೇ ಮಾತಿನ ಮಾತಲ್ಲ, ಮೈಯಾಗೂ ಇಳಿತದ. 1994ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ಬ್ರೆಜಿಲ್ ಮತ್ತ ಇಟಲಿ ನಡುವ ಆದಾಗ ಟಿವಿ ಮುಂದ ಕುಂತ ಅಭಿಮಾನಿಗಳ ಉಗುಳು ತಗೊಂಡು ಪರೀಕ್ಷಾ ಮಾಡಿದ್ರು, ಗೆದ್ದ ಬ್ರೆಜಿಲ್ ಕಡಿಯವರ ಟೆಸ್ಟೋಸ್ಟೆರಾನ್ ಅನ್ನೋ ಹಾರ್ಮೋನ್ ಏರಿತ್ತು, ಇಟಲಿ ಕಡಿಯವರದು ಇಳಿದಿತ್ತು. ಬಾಲ್ ಮುಟ್ಟದವರು, ಸ್ಟೇಡಿಯಂ ಹತ್ರನೂ ಇರದವರು, ಅವರ ಮೈಗೆ ಸೋಲು ಗೊತ್ತಾಗಿತ್ತು.

ಇನ್ನ ನನಗ ಎಲ್ಲಕ್ಕಿಂತ ಹತ್ರ ಅನಿಸೋ ಸಂಶೋಧನೆ. ಮಾರ್ತಾ ನ್ಯೂಸನ್, ಮೈಕಲ್ ಬುಹ್ರ್‌ಮೆಸ್ಟರ್, ಹಾರ್ವಿ ವೈಟ್‌ಹೌಸ್ ಅನ್ನೋ ಮೂವರು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಭಿಮಾನಿಗಳನ್ನ ಅಭ್ಯಾಸ ಮಾಡಿದ್ರು, ಏಳ್ನೂರಕ್ಕಿಂತ ಜಾಸ್ತಿ ಮಂದಿ, 2021ರಾಗ ಅದು ಪ್ರಕಟ ಆಯ್ತು. ಹತ್ತು ವರ್ಷದ ಲೆಕ್ಕ ಹಿಡಿದು ಒಂದು ಕಡಿ ಮ್ಯಾಂಚೆಸ್ಟರ್ ಯುನೈಟೆಡ್, ಆರ್ಸೆನಲ್ ಅಂಥಾ ಗೆಲ್ಲೋ ಕ್ಲಬ್ ಐದು, ಇನ್ನೊಂದು ಕಡಿ ಕ್ರಿಸ್ಟಲ್ ಪ್ಯಾಲೆಸ್, ಸಂಡರ್‌ಲ್ಯಾಂಡ್ ಅಂಥಾ ಸೋತು ಸೋತು ಹೈರಾಣಾದ ಕ್ಲಬ್ ಐದು. ನಿಮ್ ಕ್ಲಬ್ಬಿನ ಇನ್ನೊಬ್ಬ ಅಭಿಮಾನಿ ನಿಮಗ ಎಷ್ಟು ಹತ್ರ, ಒಡಹುಟ್ಟಿದವರಷ್ಟಾ, ಅವರ ಜೀವ ಉಳಿಸಾಕ ನಿಮ್ ಜೀವ ಕೊಡ್ತೀರೇನು ಅಂತ ಎಲ್ಲಾ ಕೇಳಿದ್ರು, ಕಲ್ಪನೆದ ಪ್ರಶ್ನಿ ಅದು. ಸೋಲೋ ಕ್ಲಬ್ಬಿನವರೇ ಒಬ್ಬರಿಗೊಬ್ಬರು ಹೆಚ್ಚು ಗಟ್ಟಿಯಾಗಿ ಕಟ್ಕೊಂಡಿದ್ರು. ಅವರು ಹೇಳೋದು ಇಷ್ಟ, ಸುಖದ ದಿನ ಜಲ್ದಿ ಮಾಸ್ತದ, ನೋವಿನ ದಿನವನ್ನ ಮನಸ್ಸು ಬಿಡಲ್ಲ, ತಿರುಗಿಸಿ ತಿರುಗಿಸಿ ನೋಡ್ತದ, ಹಂಗ ನೋಡ್ತಾ ನೋಡ್ತಾ ಆ ನೆನಪು "ನಾನು ಯಾರು" ಅನ್ನೋದರಾಗ ಸೇರ್ಕೊಂಡುಬಿಡ್ತದ, ಮತ್ತ ಅದೇ ನೆನಪು ಪಕ್ಕದಾಗ ಕುಂತವನಿಗೂ ಅದ ಅಂತ ಗೊತ್ತಾದಾಗ ಅವನು ರಕ್ತಸಂಬಂಧಿ ಆಗಿಬಿಡ್ತಾನ.

ಇದು ಓದಿದಾಗ ನಂಗ ನೆನಪಾಗಿದ್ದು ಶ್ರೀಶೈಲದ ಪಾದಯಾತ್ರಿ. ಯುಗಾದಿ ಮುಂಚೆ ನಮ್ ಉತ್ತರ ಕರ್ನಾಟಕದ ಕಡಿಂದ ಮಂದಿ ಮಲ್ಲಯ್ಯನ ದರ್ಶನಕ್ಕ ನಡಕೊಂತ ಹೋಗ್ತಾರ, ಉರಿಬಿಸಿಲು, ಅಂಗಾಲಿಗೆ ಬೊಬ್ಬಿ, ಕಡಿಗೆ ಕಾಡು ಗುಡ್ಡದ ದಾರಿ. ಬಸ್ಸಿನಾಗ ಜೋಡಿ ಹೋದವರು ಊರಿಗೆ ಬಂದ ಮ್ಯಾಲ ಮರಿಬಹುದು, ಜೋಡಿ ನಡೆದವರು ಮರಿಯಲ್ಲ, ಇಪ್ಪತ್ತು ವರ್ಷ ಆದ ಮ್ಯಾಲೂ "ಇವನು ನನ್ನ ಜೋಡಿ ಮಲ್ಲಯ್ಯಗ ಬಂದವ" ಅಂತಾನೇ ಪರಿಚಯ ಮಾಡ್ಸ್ತಾರ. ಮಾರಿಷಸ್‌ನಾಗ ಕ್ಸಿಗಲಾಟಾಸ್ ಅನ್ನೋ ಮಾನವಶಾಸ್ತ್ರಜ್ಞ ಹೆಚ್ಚುಕಡಿಮಿ ಇಂಥದ್ದನ್ನೇ ಅಳತಿ ಮಾಡ್ಯಾರ. ಅಲ್ಲಿನ ತಮಿಳರು ತೈಪೂಸಂ ಹಬ್ಬದಾಗ ಮೈಗೆ ಸೂಜಿ ಶೂಲ ಚುಚ್ಕೊಂಡು ಕಾವಡಿ ಹೊರ್ತಾರ. ಅವರಿಗೂ, ಬರೇ ಪ್ರಾರ್ಥನಾಕ್ಕ ಬಂದವರಿಗೂ 200 ರೂಪಾಯಿ ಅಲ್ಲಿನ ರೊಕ್ಕ ಕೊಟ್ಟು, ಯಾರಿಗೂ ಕಾಣದಂಗ ಗುಡಿಗೆ ಎಷ್ಟಾದ್ರೂ ಕೊಡ್ರಿ ಅಂದ್ರು. ಪ್ರಾರ್ಥನಾದವರು ಸರಾಸರಿ 80ರ ಆಸುಪಾಸು ಕೊಟ್ರು, ಕಾವಡಿ ಹೊತ್ತವರು 130 ದಾಟಿದ್ರು. ತಾವು ಚುಚ್ಚಿಸ್ಕೊಳ್ಳದ ಅವರ ಜೋಡಿ ನಡೆದವರು ಇನ್ನೂ ಜಾಸ್ತಿ ಕೊಟ್ರು! ನೋವು ಕಣ್ಣಾರೆ ಕಂಡು ಜೋಡಿ ಇದ್ದರೂ ಸಾಕು, ಕಟ್ಟು ಬೀಳ್ತದ. ಟಿವಿ ಮುಂದ ಕುಂತವರು ಅಂದ್ರ ಇವರೇ ಅಲ್ಲೇನು.

ಇದರ ಉಲ್ಟಾ ಸಾಕ್ಷಿನೂ ನಮ್ ಊರ ಹೆಸರಿನಾಗೇ ಅದ. 2022ರಾಗ ಕರ್ನಾಟಕದ ಊರೂರ ಟೀಮ್ ಆಡೋ ಮಹಾರಾಜ ಟ್ರೋಫಿ ಶುರು ಆದ ಮೊದಲ ವರ್ಷವೇ ಗುಲ್ಬರ್ಗಾ ಮಿಸ್ಟಿಕ್ಸ್ ಕಪ್ ಗೆದ್ತು, ಮನೀಶ್ ಪಾಂಡೆ ಕ್ಯಾಪ್ಟನ್, ಫೈನಲ್ಲಿನಾಗ ಸೋಲಿಸಿದ್ದು ಬೆಂಗಳೂರಿನ ಟೀಮನ್ನೇ. ಊರ ಹೆಸರು, ಗೆಲುವು, ಎರಡೂ ಇತ್ತು, ಆದ್ರ ನಮ್ ಓಣಿದಾಗ ಆ ರಾತ್ರಿ ಒಂದು ಪಟಾಕಿ ಹಾರ್ಲಿಲ್ಲ. ನಂಗ ಅದು ಬ್ಯಾಸರ ಅನಿಸ್ತು, ಆ ಹುಡುಗರು ಚಲೋ ಆಡಿದ್ರು. ಆದ್ರ ಅವರ ಜೋಡಿ ನಾವು ಒಂದು ರಾತ್ರಿನೂ ಸೋತಿರ್ಲಿಲ್ಲ.

ನೋವಿನ ಕಟ್ಟಿಗೆ ಕರಾಳ ಮುಖನೂ ಅದ. ಗುಂಪಿನಾಗ ಕರಗಿಹೋದ ಮನುಷ್ಯಗ ತನ್ನ ಜೀವದ ಅಂಜಿಕಿ ಕಡಿಮಿ ಆಗ್ತದ. 2025ರ ಜೂನ್ 4ಕ್ಕ ಆರ್‌ಸಿಬಿ ಗೆಲುವಿನ ಸಂಭ್ರಮಕ್ಕ ಮಂದಿ ಸೇರಿದಾಗ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗ ಕಾಲ್ತುಳಿತದಾಗ 11 ಮಂದಿ ಹೋದ್ರು. ಅಷ್ಟು ಪ್ರೀತಿ ಹೊತ್ತು ಬರ್ತಾರಂತ ಗೊತ್ತಿದ್ದ ಮ್ಯಾಲ ಆ ಪ್ರೀತಿಗೆ ಜಾಗ, ದಾರಿ, ನೀರು ಮೊದಲೇ ಮಾಡಿಡಬೇಕು, ಮಂದಿದೇ ತಪ್ಪು ಅಂತ ಕೈ ತೊಳಿಯಾಕ ಬರಲ್ಲ.

ಹಂಗಂತ ಬರೇ ನೋವೇ ಇದ್ರ ಯಾರೂ ಉಳಿಯಲ್ಲ, ನಡು ನಡು ಒಂದೊಂದು ತುತ್ತು ಸಿಗಬೇಕು. ಮನೋವಿಜ್ಞಾನಿ ಸ್ಕಿನ್ನರ್ ಪಾರಿವಾಳದ ಮ್ಯಾಲ ಮಾಡಿದ ಪ್ರಯೋಗದಿಂದ ಇದು ಗೊತ್ತದ, ಪ್ರತಿ ಸಲ ಕಾಳು ಸಿಗೋ ಹಕ್ಕಿ ಕಾಳು ನಿಂತ ಮ್ಯಾಲ ಜಲ್ದಿ ಕುಕ್ಕೋದು ಬಿಡ್ತದ, ಯಾವಾಗ ಸಿಗ್ತದೋ ಗೊತ್ತಿಲ್ಲದ ಹಕ್ಕಿ ಭಾಳ ಹೊತ್ತು ಬಿಡಲ್ಲ. ಮಿದುಳಿನ ವಿಜ್ಞಾನಿ ವೋಲ್ಫ್‌ರಾಮ್ ಶುಲ್ಟ್ಸ್ 1990ರ ದಶಕದಾಗ ಮಂಗ್ಯಾಗಳ ಮಿದುಳಿನಾಗ ನೋಡಿದ್ದು ಇದಕ್ಕ ಕೂಡ್ತದ, ಅಂದ್ಕೊಂಡಾಗ ಸಿಕ್ಕ ಜ್ಯೂಸಿಗೆ ಡೋಪಮೈನ್ ಅನ್ನೋ ರಾಸಾಯನಿಕ ಬಿಡೋ ನರಕೋಶ ಅಷ್ಟು ಮಿಡಿಯಲ್ಲ, ಅನಿರೀಕ್ಷಿತ ಸಿಕ್ಕಿದ್ದಕ್ಕ ಜೋರು ಮಿಡಿತಾವ, ಸಿಗ್ತದ ಅಂದ್ಕೊಂಡಿದ್ದು ಸಿಗದಿದ್ರ ಸುಮ್ಮಗಾಗ್ತಾವ. 2024 ನೆನಪು ಮಾಡ್ಕೊಳ್ರಿ, ಮೊದಲ ಎಂಟರಾಗ ಏಳು ಸೋತು, ಓಣಿ ಮಂದಿ ಟಿವಿ ಕಡಿ ನೋಡೋದು ಬಿಟ್ಟಾಗ, ಬೆನ್ನಿಗೆ ಬೆನ್ನಿಗೆ ಆರು ಗೆದ್ದು ಪ್ಲೇಆಫ್‌ಗೆ ಹೋದ್ವಿ. ಗೆದ್ದೇ ಗೆಲ್ಲೋ ಟೀಮಿನವರಿಗೆ ಆ ಆರು ಮ್ಯಾಚಿನ ರುಚಿ ಗೊತ್ತಾಗಾಕ ಸಾಧ್ಯ ಇಲ್ಲ.

ದೂರದ ಮಾತು ಉಳಿತು. ನಮ್ ಓಣಿದಾಗ ಚಿನ್ನಸ್ವಾಮಿ ಒಳಗ ಕಾಲಿಟ್ಟವರು ಇಬ್ಬರೋ ಮೂವರೋ. ಉಳಿದವರಿಗೆ ಆರ್‌ಸಿಬಿ ಅಂದ್ರ ಆ ಮಾಳಗಿ, ಆ ಬುಟ್ಟಿ, ಕಾಕಾನ ಮೊಣಕೈ ಮ್ಯಾಲಿನ ವಯರ್. ಸ್ಟೇಡಿಯಂನಾಗ ಸೋತ್ರ ನಲವತ್ತು ಸಾವಿರ ಅಪರಿಚಿತರ ನಡು ಹೊರಗ ಬರ್ತೀರಿ, ಇಲ್ಲಿ ಮುಂಜಾನಿ ಹಾಲು ತರಾಕ ಹೋದಾಗ ಎದುರಿಗೆ ಬರೋನೂ ರಾತ್ರಿ ನಿಮ್ ಜೋಡಿ ಸೋತವನೇ. ನಂಗನಿಸ್ತದ, ದೂರ ಇದ್ದಿದ್ದಕ್ಕೇ ಇದು ಇಷ್ಟು ಗಟ್ಟಿ ಆಯ್ತು, ಟೀಮ್ ಕೈಗೆ ಸಿಗಲಿಲ್ಲ ಅಂತ ಪ್ರೀತಿಯೆಲ್ಲಾ ಪಕ್ಕದವರ ಮ್ಯಾಲ ಬಿತ್ತು. ನಮ್ ಓಣಿ ಹುಡುಗರು ಹೈದರಾಬಾದ್‌ಗೆ ಕೆಲಸಕ್ಕ ಹೋದ್ರೂ ಪೆಟ್ಟಿಗಿದಾಗ ಆ ಕೆಂಪು ಜರ್ಸಿ ಇಟ್ಕೊಂಡೇ ಹೋಗ್ತಾರ, ಅಲ್ಲಿ ಅದನ್ನ ಹಾಕ್ಕೊಂಡು ನಿಂತ್ರ ಇನ್ನೊಬ್ಬ ಬಂದು "ಯಾವೂರು ಅಣ್ಣಾ?" ಅಂತ ಕೇಳ್ತಾನ, ಬೀದರ್ ಇರ್ಬಹುದು, ಯಾದಗಿರಿ ಇರ್ಬಹುದು.

2025ರ ಜೂನ್ 3ರ ರಾತ್ರಿ ಮತ್ತ ಅದೇ ಮಾಳಗಿ. ಟಿವಿ ಬ್ಯಾರೆ, ಈಗಿನದು ಗ್ವಾಡಿಗೆ ಆನಿಸಿ ಇಡೋ ಅಷ್ಟು ತೆಳ್ಳಗದ. ಅಹಮದಾಬಾದ್‌ನಾಗ 190 ಹೊಡೆದಿದ್ವಿ, ಪಂಜಾಬ್ 184ಕ್ಕ ನಿಂತಿತು, ಆರು ರನ್, 2009ರಾಗ ನಾವು ಸೋತಷ್ಟೇ ಅಂತರ. ಕೂಗಾಟ, ಪಟಾಕಿ, ಕಾಕಾನ ಕಣ್ಣಾಗ ನೀರು. ಸೋದರಮಾವನ ಫೋನ್ ಬಂತು, ಈ ಸಲ ಮೊದಲ ರಿಂಗಿಗೇ ಎತ್ತಿದೆ, "ಆಯ್ತಲ್ಲೋ ತಮ್ಮಾ, ನಿಮ್ದೇ ಆಯ್ತು" ಅಂದ್ರು, ಅವರ ದನಿನೂ ಬಿಗಿದಿತ್ತು.

ಹನ್ನೆರಡೂವರಿಗೆ ಗದ್ದಲ ಇಳಿತು. ಯಾರೂ ಕೆಳಗ ಹೋಗ್ಲಿಲ್ಲ. ಈಗಷ್ಟ ಗೆದ್ದ ಮ್ಯಾಚಿನ ಮಾತು ಹತ್ತು ನಿಮಿಷಕ್ಕ ಮುಗಿತು, ಆಮ್ಯಾಲ ನಡೆದಿದ್ದೆಲ್ಲಾ 2016ರ ಮಾತು, ಪಟಾಕಿ ತರಾಕ ಸೈಕಲ್ ಹತ್ತಿದವ ಯಾರು, ಮಿರ್ಚಿ ತಿನ್ನದ ಉಳಿದಿದ್ದು ಎಷ್ಟು, 2017ರಾಗ ಈಡನ್ ಗಾರ್ಡನ್ಸ್‌ನಾಗ 49ಕ್ಕ ಆಲೌಟ್ ಆದ ದಿನ ಯಾರ ಮನಿಯಾಗ ಊಟ ಬಿಟ್ಟಿದ್ರು. ಒಂಬತ್ತು ವರ್ಷದ ಹುಡುಗ ಒಬ್ಬ ಕಾಕಾನ ತೊಡಿ ಮ್ಯಾಲ ತಲಿ ಇಟ್ಟು ಮಲಗಿದ್ದ, ಅವ ಎದ್ದು ಕುಂತು "ಅಜ್ಜಾ, 49 ಅಂದ್ರೇನು?" ಅಂದ.

ನಾಕು ಮಂದಿ ಒಮ್ಮೆಲೇ ಹೇಳಾಕ ಶುರು ಮಾಡಿದ್ರು.