ತಂತಿ ಎಷ್ಟು ಮೇಲಿದೆ ನೋಡಿ, ಆಮೇಲೆ ಬೆಲೆ ಕೇಳಿ

ಹಾಸನದ ಕಡೆಯವರೊಬ್ಬರು ಮಗಳನ್ನೂ ಅವಳ ಗಿಟಾರನ್ನೂ ಕರೆದುಕೊಂಡು ಮೈಸೂರಿನ ನನ್ನ ಅಂಗಡಿಗೆ ಬಂದಿದ್ದರು. ರಿಪೇರಿಗಲ್ಲ, ಮಾರುವುದಕ್ಕೆ. "ಎಷ್ಟು ಬಂದ್ರೆ ಅಷ್ಟಕ್ಕೆ ಯಾರಿಗಾದ್ರೂ ಕೊಟ್ಬಿಡಿ ಸರ್. ಮೂರು ತಿಂಗಳಿಂದ ಮುಟ್ಟೇ ಇಲ್ಲ." ಹುಡುಗಿಗೆ ಹದಿಮೂರು ವರ್ಷವಿರಬೇಕು, ತಲೆ ತಗ್ಗಿಸಿ ನಿಂತಿದ್ದಳು. ಯಾಕಮ್ಮ ಬಿಟ್ಟೆ ಅಂದರೆ, "ಬೆರಳು ನೋಯತ್ತೆ ಅಂಕಲ್" ಎಂದಳು. ಅಪ್ಪ ಪಕ್ಕದಿಂದ, "ಎಲ್ರಿಗೂ ನೋಯತ್ತೆ, ಇವಳಿಗೆ ಮನಸ್ಸಿಲ್ಲ ಅಷ್ಟೆ" ಎಂದರು.

ನಾನು ಸ್ಟೀಲ್ ಸ್ಕೇಲು ತೆಗೆದು ಹನ್ನೆರಡನೇ ಫ್ರೆಟ್ಟಿನ, ಅಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಯ, ಮೇಲೆ ನಿಲ್ಲಿಸಿದೆ. ಆರನೇ ತಂತಿ, ಅಂದರೆ ಎಲ್ಲಕ್ಕಿಂತ ದಪ್ಪನೆಯದು, ಫ್ರೆಟ್ಟಿನಿಂದ 3.8 ಮಿಲಿಮೀಟರ್ ಮೇಲಿತ್ತು. ಇರಬೇಕಾದದ್ದು ಎರಡೂವರೆಯ ಆಸುಪಾಸು. ಆ ಮಗು ಬಿಡುವವರೆಗೂ ಒತ್ತಿದ್ದು ಬೇಲಿಯ ತಂತಿಯನ್ನು.

ಇಪ್ಪತ್ತು ವರ್ಷಗಳಿಂದ ಗಿಟಾರ್ ರಿಪೇರಿ ಮಾಡುತ್ತಿದ್ದೇನೆ. ನುಡಿಸುವುದನ್ನು ಬಿಟ್ಟವರ ಗಿಟಾರು ನನ್ನ ಮೇಜಿಗೆ ಬಂದಾಗ ಹತ್ತರಲ್ಲಿ ಏಳೆಂಟು ಸಲ ಕಾಣುವುದು ಇದನ್ನೇ. ಹಾಗಾಗಿ "ಹತ್ತು ಸಾವಿರದೊಳಗೆ ಯಾವ ಗಿಟಾರ್ ತಗೊಳ್ಳಲಿ?" ಎಂದು ಕೇಳಿದವರಿಗೆಲ್ಲ ನನ್ನ ಮೊದಲ ಉತ್ತರ ಒಂದೇ: ಎಂಟೂವರೆ ಸಾವಿರದ್ದು ತಗೊಳ್ಳಿ, ಉಳಿದದ್ದನ್ನು ಸೆಟಪ್ಪಿಗೆ, ಅಂದರೆ ತಂತಿಯ ಎತ್ತರ ಸರಿಮಾಡಿಸುವುದಕ್ಕೆ, ಇಟ್ಟುಕೊಳ್ಳಿ. ಕೇಳಿದವರಿಗೆ ನಿರಾಸೆಯಾಗುತ್ತದೆ. ಅವರಿಗೆ ಬೇಕಾಗಿದ್ದದ್ದು ಒಂದು ಬ್ರ್ಯಾಂಡಿನ ಹೆಸರು.

ವೀಣೆ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ವೀಣೆ ಕೊಂಡ ದಿನವೇ ಎಲ್ಲ ಮುಗಿಯುವುದಿಲ್ಲ. ಮೇಣದ ಮೇಲೆ ಕೂರಿಸಿದ ಇಪ್ಪತ್ನಾಲ್ಕು ಮೆಟ್ಟಿಲುಗಳನ್ನು ಆಗಾಗ ಹೊಸದಾಗಿ ಕೂರಿಸಬೇಕು, ಕುದುರೆ ಸರಿಮಾಡಿಸಬೇಕು. ಅದಕ್ಕೆಂದೇ ಕೈಪಳಗಿದವರಿದ್ದಾರೆ. ಗಿಟಾರನ್ನು ಮಾತ್ರ ನಾವು ಮಿಕ್ಸಿ ಕೊಂಡ ಹಾಗೆ ಕೊಳ್ಳುತ್ತೇವೆ: ಡಬ್ಬ ಬಿಚ್ಚಿದರೆ ಓಡಬೇಕು. ಕಾರ್ಖಾನೆಯವರು ಕಡಿಮೆ ಬೆಲೆಯ ಗಿಟಾರಿನಲ್ಲಿ ತಂತಿಯನ್ನು ಬೇಕೆಂದೇ ಸ್ವಲ್ಪ ಮೇಲಿಟ್ಟು ಕಳಿಸುತ್ತಾರೆ. ಮೇಲಿದ್ದರೆ ಯಾವ ಊರಿನ ಹವೆಗೆ ಹೋದರೂ ತಂತಿ ಫ್ರೆಟ್ಟಿಗೆ ತಾಗಿ ಝರ್ ಎನ್ನುವುದಿಲ್ಲ, ಅಂಗಡಿಗೆ ದೂರು ಬರುವುದಿಲ್ಲ. ಅವರ ಲೆಕ್ಕ ಸರಿಯಾಗಿಯೇ ಇದೆ, ನೋವು ಮಾತ್ರ ನಮ್ಮ ಬೆರಳಿಗೆ.

ಅಂಗಡಿಗೆ ಹೋಗುವಾಗ ಮೂರು ಹಳೆಯ ಎಟಿಎಂ ಕಾರ್ಡು ಜೇಬಿನಲ್ಲಿರಲಿ, ಅಂಕಿ ಉಬ್ಬಿರದ ನಯವಾದವು. ಒಂದು ಕಾರ್ಡಿನ ದಪ್ಪ 0.76 ಮಿಲಿಮೀಟರ್, ಮೂರು ಸೇರಿದರೆ ಹತ್ತಿರಹತ್ತಿರ 2.3. ಗಿಟಾರನ್ನು ಶ್ರುತಿ ಮಾಡಿಸಿಕೊಂಡು ಹನ್ನೆರಡನೇ ಫ್ರೆಟ್ಟಿನ ಮೇಲೆ, ಆರನೇ ತಂತಿಯ ಕೆಳಗೆ ಮೂರೂ ಕಾರ್ಡು ಜೋಡಿಸಿ ತೂರಿಸಿ. ತಂತಿಗೆ ಸವರಿಕೊಂಡು ಹೋದರೆ ಸಂತೋಷ. ನಾಲ್ಕನೇ ಕಾರ್ಡಿಗೂ ಆರಾಮಾಗಿ ಜಾಗವಿದ್ದರೆ ಕೆಲಸ ಬಾಕಿಯಿದೆ ಎಂದರ್ಥ. ಅಂಗಡಿಯವರು ನಿಮ್ಮನ್ನು ವಿಚಿತ್ರವಾಗಿ ನೋಡಬಹುದು, ನೋಡಲಿ.

ತಂತಿ ಮೇಲಿದ್ದ ಮಾತ್ರಕ್ಕೆ ಗಿಟಾರ್ ಕೆಟ್ಟದ್ದಲ್ಲ. ಇಳಿಸಲು ಜಾಗವಿದೆಯೋ ಇಲ್ಲವೋ ಎನ್ನುವುದು ಮುಖ್ಯ. ಮುಂದಿನ ಹಲಗೆಗೆ ಅಂಟಿಸಿದ, ತಂತಿಯ ತುದಿ ಸಿಕ್ಕಿಸುವ ಮರದ ತುಂಡು ಬ್ರಿಡ್ಜು. ಅದರ ಮೇಲೆ ತಂತಿ ಹಾದುಹೋಗುವ ಬಿಳಿಯ ಪಟ್ಟಿಯಿದೆಯಲ್ಲ, ಸ್ಯಾಡಲ್, ಅದು ಮರದಿಂದ ಎಷ್ಟು ಮೇಲೆದ್ದಿದೆ ನೋಡಿ. ಮೂರು ಮಿಲಿಮೀಟರಿಗಿಂತ ಹೆಚ್ಚಿದ್ದರೆ ಉಜ್ಜಿ ಇಳಿಸಬಹುದು. ಸ್ಯಾಡಲನ್ನು ಎರಡು ಮಿಲಿಮೀಟರ್ ಉಜ್ಜಿದರೆ ಹನ್ನೆರಡನೇ ಫ್ರೆಟ್ಟಿನಲ್ಲಿ ತಂತಿ ಒಂದೇ ಮಿಲಿಮೀಟರ್ ಇಳಿಯುತ್ತದೆ, ಯಾಕೆಂದರೆ ಆ ಫ್ರೆಟ್ಟು ತಂತಿಯ ಸರಿಯಾದ ನಡುವಿನಲ್ಲಿದೆ. ಸ್ಯಾಡಲ್ ಆಗಲೇ ಮರಕ್ಕೆ ಅಂಟಿಕೊಂಡಂತಿದ್ದು ತಂತಿ ಇನ್ನೂ ಮೇಲಿದೆಯೋ, ಆ ಗಿಟಾರನ್ನು ಅಲ್ಲೇ ಬಿಟ್ಟು ಬನ್ನಿ. ನೆಕ್ಕಿನ, ಅಂದರೆ ಗಿಟಾರಿನ ಕತ್ತಿನ, ಕೋನವೇ ತಪ್ಪಿರುತ್ತದೆ. ಬಿಚ್ಚಿ ಕೂರಿಸುವ ಖರ್ಚು ಗಿಟಾರಿನ ಬೆಲೆಯನ್ನು ಮೀರುತ್ತದೆ.

ಇನ್ನೊಂದು ತುದಿ ನಟ್, ಬಿರಡೆಗಳ ಕಡೆ ತಂತಿ ಕೂರುವ ಗೀರುಗಳಿರುವ ಪಟ್ಟಿ. ಕಲಿಯುವವರನ್ನು ನಿಜವಾಗಿ ಅಳಿಸುವುದು ಇದೇ, ಆದರೆ ಬೈಸಿಕೊಳ್ಳುವುದು ಎಫ್ ಕಾರ್ಡ್, ಒಂದನೇ ಫ್ರೆಟ್ಟಿನಲ್ಲಿ ಒಂದೇ ಬೆರಳಿನಿಂದ ಎಲ್ಲ ತಂತಿ ಒತ್ತಿ ಹಿಡಿಯುವ ಸ್ವರಗುಚ್ಛ. ತಂತಿಯನ್ನು ಮೂರನೇ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು ಒಂದನೇ ಫ್ರೆಟ್ಟಿನ ಮೇಲೆ ಕಣ್ಣಿಡಿ. ಅಲ್ಲಿ ಕೂದಲೆಳೆಯಷ್ಟು ಸಂದು ಇರಬೇಕು, ಕಡ್ಡಿ ತೂರುವಷ್ಟಲ್ಲ. ಇನ್ನೂ ಸುಲಭದ ಪರೀಕ್ಷೆ ಬೇಕೆಂದರೆ ಒಂದನೇ ಫ್ರೆಟ್ಟಿಗೆ ಕೇಪೊ (ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ ನುಡಿಸಿ. ಇದ್ದಕ್ಕಿದ್ದಂತೆ ಗಿಟಾರ್ ಬೆಣ್ಣೆಯಂತಾದರೆ ದೋಷ ನಟ್ಟಿನದು. ಗೀರನ್ನು ಸಣ್ಣ ಅರದಿಂದ ಆಳ ಮಾಡುವುದು ಅರ್ಧ ಗಂಟೆಯ ಕೆಲಸ. ಆದರೆ ಮನೆಯಲ್ಲಿ ಯೂಟ್ಯೂಬ್ ನೋಡಿಕೊಂಡು ಮಾಡಬೇಡಿ, ಒಂದೆರಡು ಎಳೆ ಹೆಚ್ಚು ಅರೆದರೂ ಹೊಸ ನಟ್ಟೇ ಹಾಕಬೇಕಾಗುತ್ತದೆ. ಹಾಗೆ ಅರೆದು ತಂದವರಿಂದ ನನಗೆ ಒಳ್ಳೆಯ ವ್ಯಾಪಾರವಿದೆ.

ಆ ಹುಡುಗಿಯ ಗಿಟಾರಿಗೆ ನಾನು ಮಾಡಿದ್ದೂ ಇಷ್ಟೆ. ಮುಂದಕ್ಕೆ ಬಾಗಿದ್ದ ನೆಕ್ಕನ್ನು ಅದರೊಳಗಿನ ಲೋಹದ ಸರಳು, ಟ್ರಸ್ ರಾಡ್, ಬಿಗಿದು ನೇರಮಾಡಿದೆ, ಅಲ್ಲಿ ಸುಮಾರು 0.3 ಇಳಿಯಿತು. ಸ್ಯಾಡಲ್ ಎರಡು ಮಿಲಿಮೀಟರ್ ಉಜ್ಜಿದೆ, ಒಂದು ಇಳಿಯಿತು. ನಟ್ಟಿನ ಗೀರು ಸರಿಮಾಡಿ, ಇದ್ದ 12 ಗೇಜಿನ ತಂತಿ ಬಿಚ್ಚಿ 10ರ ಸೆಟ್ಟು ಹಾಕಿದೆ. ಈ ಅಂಕಿ ಒಂದನೇ ತಂತಿಯ ದಪ್ಪವನ್ನು ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಹೇಳುತ್ತದೆ. 12ರ ಸೆಟ್ಟು ಶ್ರುತಿಗೆ ಬಂದಾಗ ಆರೂ ತಂತಿ ಸೇರಿ ಎಪ್ಪತ್ತು ಕಿಲೋಗೂ ಹೆಚ್ಚು ಎಳೆತ ಹಾಕುತ್ತವೆ, ಒಬ್ಬ ದೊಡ್ಡ ಮನುಷ್ಯನ ತೂಕ. 10ಕ್ಕೆ ಬಂದರೆ ಅದು ಅರವತ್ತಕ್ಕೆ ಇಳಿಯುತ್ತದೆ. ದನಿ ಸ್ವಲ್ಪ ತೆಳುವಾಗುತ್ತದೆ, ನಿಜ. ಕಲಿಯುವ ಮೊದಲ ವರ್ಷದಲ್ಲಿ ದನಿಗಿಂತ ಬೆರಳು ಮುಖ್ಯ. ತಂತಿ, ಕೂಲಿ ಎಲ್ಲ ಸೇರಿ ಸಾವಿರದ ಇನ್ನೂರು ರೂಪಾಯಿ ಆಯಿತು.

ಇನ್ನು ಮರದ ವಿಷಯ. "ರೋಸ್‌ವುಡ್ ಇದೆಯಾ ಸರ್?" ಎಂದು ಕೇಳದ ಗಿರಾಕಿ ಕಡಿಮೆ. ಆ ಹೆಸರಿಗೆ ಬೆಲೆ ಬರುವಲ್ಲಿ ನಮ್ಮ ಕಾಡಿನದ್ದೂ ಪಾಲಿದೆ. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್‌ನ ರೋಸ್‌ವುಡ್ ಬಿಟ್ಟು ಭಾರತದ ರೋಸ್‌ವುಡ್ಡಿಗೆ ತಿರುಗಿತು. ಅದು ಬೇರೇನಲ್ಲ, ಮಲೆನಾಡಿನ ಬೀಟೆ. ಮೈಸೂರಿನ ಇನ್ಲೇ ಕೆಲಸದವರು ಅಂಬಾರಿ ಆನೆಯನ್ನು ಕೂರಿಸುವ ಅದೇ ಮರ. ಆದರೆ ಹತ್ತು ಸಾವಿರದ ಗಿಟಾರಿನ ಬೆನ್ನಿನಲ್ಲಿ ಬೀಟೆಯ ಹಲಗೆ ಸಿಕ್ಕೀತು ಎಂದು ಕನಸು ಕಾಣಬೇಡಿ, ಹೆಚ್ಚೆಂದರೆ ಪ್ಲೈವುಡ್ಡಿನ ಮೇಲೊಂದು ತೆಳು ಪದರ. ಅದರಿಂದ ನಷ್ಟವೂ ಇಲ್ಲ. ಸ್ಪೇನಿನ ಗಿಟಾರ್ ತಯಾರಕ ಆಂಟೊನಿಯೊ ದೆ ತೊರೆಸ್ 1862ರಲ್ಲಿ ಬೆನ್ನು, ಪಕ್ಕೆಗಳನ್ನು ರಟ್ಟಿನಿಂದಲೇ ಮಾಡಿ ಮುಂದಿನ ಹಲಗೆಯನ್ನು ಮಾತ್ರ ಒಳ್ಳೆಯ ಮರದಲ್ಲಿ ಕಟ್ಟಿದ. ದನಿ ಹುಟ್ಟುವುದು ಮುಂದಿನ ಹಲಗೆಯಲ್ಲಿ ಎಂದು ತೋರಿಸಲು ಹಾಗೆ ಮಾಡಿದ. ಆ ಗಿಟಾರ್ ಈಗಲೂ ಬಾರ್ಸಿಲೋನಾದ ಸಂಗೀತ ಮ್ಯೂಸಿಯಮ್ಮಿನಲ್ಲಿದೆ.

ಹಾಗಾಗಿ ನೋಡಬೇಕಾದದ್ದು ಮುಂದಿನ ಹಲಗೆಯನ್ನು, ಅದು ಇಡಿಯ ಮರವೋ ಪ್ಲೈವುಡ್ಡೋ ಎಂದು. ದನಿಕಂಡಿಯ, ಅಂದರೆ ಆ ಹಲಗೆಯ ನಡುವಿನ ದುಂಡು ತೂತಿನ, ಅಂಚಿಗೆ ಮೊಬೈಲಿನ ಟಾರ್ಚು ಬಿಡಿ. ಮೇಲಿನ ಮರದ ಗೆರೆಗಳು ಅಂಚಿನಲ್ಲೂ ಹಾಗೇ ಕೆಳಗಿಳಿದಿದ್ದರೆ ಇಡಿಯ ಹಲಗೆ. ಅಡ್ಡಡ್ಡ ಪದರಗಳು ಕಂಡರೆ ಪ್ಲೈ. ಹತ್ತು ಸಾವಿರದ ಮಟ್ಟದಲ್ಲಿ ಸಿಗುವುದು ಬಹುಪಾಲು ಪ್ಲೈಯೇ. ಯಮಹಾ ಎಫ್310, ಎಫ್280 ಅಂಥವೇ. ಇಡಿಯ ಸ್ಪ್ರೂಸ್ ಹಲಗೆಯ ಎಫ್‌ಜಿ800ಕ್ಕೆ ಅದರ ಸರಿಸುಮಾರು ಎರಡರಷ್ಟು ಕೊಡಬೇಕು. ಪ್ಲೈ ಎಂದರೆ ಮೂಗು ಮುರಿಯುವವರಿದ್ದಾರೆ. ನಾನಂತೂ ಹಾಸ್ಟೆಲಿನಲ್ಲಿರುವ ಮಕ್ಕಳಿಗೆ, ಬಸ್ಸಿನಲ್ಲಿ ಗಿಟಾರ್ ಹೊತ್ತು ಓಡಾಡುವವರಿಗೆ ಪ್ಲೈಯನ್ನೇ ಹೇಳುತ್ತೇನೆ. ಬಿಸಿಲಿಗೆ ಸೀಳುವುದು ಕಡಿಮೆ, ಪೆಟ್ಟು ತಡೆಯುತ್ತದೆ.

ಇದೇ ದುಡ್ಡಿನಲ್ಲಿ ಪಿಕಪ್ಪು (ದನಿಯನ್ನು ಸ್ಪೀಕರಿಗೆ ಕಳಿಸುವ ಸಾಧನ), ಪಕ್ಕದಲ್ಲಿ ನಾಲ್ಕು ಗುಂಡಿ, ಜೊತೆಗೆ ಶ್ರುತಿ ತೋರಿಸುವ ಒಂದು ಟ್ಯೂನರ್ ಇರುವ ಗಿಟಾರನ್ನೂ ತೋರಿಸುತ್ತಾರೆ. ವೇದಿಕೆ ಹತ್ತುವ ಯೋಚನೆ ಸದ್ಯಕ್ಕಿಲ್ಲದಿದ್ದರೆ ಬೇಡ. ಆ ಖರ್ಚೆಲ್ಲ ಮರ, ಫ್ರೆಟ್ಟುಗಳಿಂದಲೇ ಕಿತ್ತದ್ದು. ಟ್ಯೂನರು ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ.

ಅಳತೆಯಲ್ಲಿ ಹೆಚ್ಚು ಮೋಸಹೋಗುವವರು ಚಿಕ್ಕ ಮಕ್ಕಳ ಅಪ್ಪ ಅಮ್ಮಂದಿರು. ನಾಲ್ಕು ವರ್ಷ ಬಾಳಲಿ ಎಂದು ಯೂನಿಫಾರಂ ಹೊಲಿಸಿದ ಹಾಗೆ ದೊಡ್ಡ ಡ್ರೆಡ್‌ನಾಟ್ ಗಿಟಾರನ್ನೇ ಕೊಡಿಸುತ್ತಾರೆ. ಮಗುವಿನ ಕಂಕುಳಿನ ಕೆಳಗೆ ಅದು ಮರದ ಪೆಟ್ಟಿಗೆಯಂತೆ ಸಿಕ್ಕಿಕೊಳ್ಳುತ್ತದೆ. ಎಂಟು ಹತ್ತು ವರ್ಷದವರಿಗೆ ಮುಕ್ಕಾಲು ಅಳತೆಯ ನೈಲಾನ್ ತಂತಿಯ ಗಿಟಾರ್ ಸಾಕು, ಬೆರಳಿಗೂ ಮೃದು. ಒಂದು ಎಚ್ಚರಿಕೆ: ನೈಲಾನ್ ಗಿಟಾರಿಗೆ "ಸೌಂಡು ಜಾಸ್ತಿ ಬರ್ಲಿ" ಎಂದು ಸ್ಟೀಲ್ ತಂತಿ ಹಾಕಬೇಡಿ. ಅಷ್ಟು ಎಳೆತಕ್ಕೆ ಅದನ್ನು ಕಟ್ಟಿರುವುದಿಲ್ಲ. ಒಂದು ರಾತ್ರಿ ಬ್ರಿಡ್ಜು ಕಿತ್ತು ಹಾರಿ ಮನೆಯವರೆಲ್ಲ ಎದ್ದು ಕೂತ ಕಥೆಯನ್ನು ಬೇರೆಬೇರೆ ಮನೆಯವರಿಂದ ಕೇಳಿದ್ದೇನೆ.

ಸೆಕೆಂಡ್ ಹ್ಯಾಂಡ್ ಬಗ್ಗೆ ನನಗೆ ಪಕ್ಷಪಾತವಿದೆ, ಮುಚ್ಚಿಡುವುದಿಲ್ಲ. ಬೆಂಗಳೂರಿನ ಎಷ್ಟೋ ಫ್ಲಾಟುಗಳಲ್ಲಿ ಒಳ್ಳೆಯ ಗಿಟಾರುಗಳು ಬೀರುವಿನ ಮೇಲೆ ಧೂಳು ಕುಡಿಯುತ್ತಿವೆ. ಹೊಸ ಪ್ಲೈ ಗಿಟಾರಿನ ಬೆಲೆಗೆ ಎರಡು ಮೂರು ವರ್ಷದ ಹಳೆಯ ಇಡಿಯ ಹಲಗೆಯ ಗಿಟಾರ್ ಸಿಗಬಹುದು. ತುಕ್ಕು ಹಿಡಿದ ತಂತಿ ಕಂಡು ಹಿಂದೆಗೆಯಬೇಡಿ, ಚೌಕಾಸಿಗೆ ಅದು ಒಳ್ಳೆಯ ನೆಪ. ಬ್ರಿಡ್ಜಿನ ಹಿಂಭಾಗದಲ್ಲಿ ಒಂದು ಕಾಗದ ತೂರಿಸಿ ನೋಡಿ. ಒಳಗೆ ಹೋದರೆ ಅಂಟು ಬಿಟ್ಟಿದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಒಂದು ಮಧ್ಯಾಹ್ನ ಕಳೆದ ಗಿಟಾರಿಗೆ ಹೀಗಾಗಿರುವುದುಂಟು. ನೆಕ್ಕಿನ ಅಂಚಿನುದ್ದಕ್ಕೂ ಬೆರಳು ಎಳೆಯಿರಿ, ಫ್ರೆಟ್ಟಿನ ತುದಿ ಗರಗಸದಂತೆ ಕೆರೆದರೆ ಮರ ಒಣಗಿ ಕುಗ್ಗಿದೆ. ಅದು ಅರದಿಂದ ಸರಿಹೋಗುತ್ತದೆ, ಬೆಲೆಯಲ್ಲಿ ಐನೂರು ಇಳಿಸಿ ಎನ್ನಲು ಸಾಕು. ಕೊನೆಗೆ ಒಂದೊಂದು ತಂತಿಯನ್ನೂ ಒಂದೊಂದು ಫ್ರೆಟ್ಟಿನಲ್ಲೂ ನುಡಿಸಿ. ಹೊತ್ತು ಹಿಡಿಯುತ್ತದೆ, ಮಾರುವವರು ಗಡಿಯಾರ ನೋಡುತ್ತಾರೆ. ಎಲ್ಲೋ ಒಂದು ಕಡೆ ಸ್ವರ ಸತ್ತಿದ್ದರೆ ಗೊತ್ತಾಗುವುದು ಹೀಗೆ ಮಾತ್ರ.

ನಿಮ್ಮ ಊರು ಯಾವುದೆಂದೂ ನಾನು ಕೇಳುತ್ತೇನೆ. ಗಿಟಾರಿಗೆ ಹಿತವಾದ ತೇವಾಂಶ ನೂರಕ್ಕೆ 45ರಿಂದ 55. ನಮ್ಮ ಕರಾವಳಿಯಲ್ಲಿ ಜುಲೈ ತಿಂಗಳಿಗೆ ಅದು ತೊಂಬತ್ತರ ಹತ್ತಿರ ಹೋಗುತ್ತದೆ. ಹಲಗೆ ನೀರು ಹೀರಿ ಊದಿ, ಬ್ರಿಡ್ಜನ್ನು ಹೊತ್ತುಕೊಂಡು ಮೇಲೇಳುತ್ತದೆ, ಜೊತೆಗೆ ತಂತಿಯೂ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಇದರ ತದ್ವಿರುದ್ಧ: ಹಲಗೆ ಕುಗ್ಗಿ ತಗ್ಗುತ್ತದೆ, ತಂತಿ ಫ್ರೆಟ್ಟಿಗೆ ತಾಗುತ್ತದೆ, ಇಡಿಯ ಹಲಗೆಯಾದರೆ ಸೀಳಲೂಬಹುದು. ಮಳೆಗಾಲಕ್ಕೆ ಗಿಟಾರನ್ನು ಚೀಲದೊಳಗಿಟ್ಟು ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಮಣ್ಣಿನ ಗೋಡೆಯೋ ಬಚ್ಚಲಿಗೆ ತಾಗಿದ ಗೋಡೆಯೋ ಆದರೆ ಅದಕ್ಕೆ ಒರಗಿಸಬೇಡಿ.

ಪುತ್ತೂರಿನ ಒಬ್ಬ ಮೇಷ್ಟ್ರು ಪ್ರತಿ ಆಗಸ್ಟಿಗೆ ನನ್ನಲ್ಲಿಗೆ ಬಂದು ತಂತಿ ಇಳಿಸಿಕೊಂಡು ಹೋಗುತ್ತಿದ್ದರು. ಜನವರಿಯಲ್ಲಿ ಅದೇ ಗಿಟಾರ್ ಝರ್ ಎನ್ನುತ್ತಿದೆಯೆಂದು ಮತ್ತೆ ಫೋನು. ಮೂರನೇ ವರ್ಷ ನನಗೇ ನಾಚಿಕೆಯಾಗಿ ಎಲುಬಿನಲ್ಲಿ ಎರಡು ಸ್ಯಾಡಲ್ ಕೆತ್ತಿಕೊಟ್ಟೆ, ಮಳೆಗಾಲಕ್ಕೆ ಗಿಡ್ಡನೆಯದು, ಬೇಸಿಗೆಗೆ ಒಂದು ಮಿಲಿಮೀಟರ್ ಎತ್ತರದ್ದು. ಪೆನ್ಸಿಲಿನಲ್ಲಿ 'ಮ' 'ಬೇ' ಎಂದು ಬರೆದೂ ಕೊಟ್ಟೆ. ಈಗ ಅವರು ತಂತಿ ಬದಲಿಸುವಾಗ ತಾವೇ ಸ್ಯಾಡಲನ್ನೂ ಬದಲಿಸಿಕೊಳ್ಳುತ್ತಾರೆ. ಹಾಸನದವರ ಗಿಟಾರನ್ನೂ ನಾನು ಮಾರಲಿಲ್ಲ. ಹುಡುಗಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಎಫ್ ಕಾರ್ಡ್ ಹಿಡಿದಳು, ಆರು ತಂತಿಯಲ್ಲಿ ಐದು ನುಡಿದವು. ಅಪ್ಪ ಬಿಲ್ಲಿನ ದುಡ್ಡು ಎಣಿಸುತ್ತ, "ಹೋದ್ ವರ್ಷ ಕೊಳ್ಳೋವಾಗ್ಲೇ ಇದನ್ನ ಯಾರೂ ಹೇಳ್ಲಿಲ್ವಲ್ಲ ಸರ್" ಎಂದರು.