ಅಟ್ಟದಲ್ಲಿ ಸಿಕ್ಕ ಹಳೆಯ ಕೀಸುಳಿಗೆ ಎಷ್ಟು ಬೆಲೆ?

ಪ್ರಶ್ನೆ: ಅಜ್ಜನ ಕಾಲದ ಕಬ್ಬಿಣದ ಕೀಸುಳಿ (ಮರ ಹೆರೆದು ನಯ ಮಾಡುವ ಹತಾರ), ಎರಡು ಉಳಿ ಮತ್ತು ಒಂದು ಗರಗಸ ಅಟ್ಟದಲ್ಲಿ ಸಿಕ್ಕಿವೆ. ಎಲ್ಲದರ ಮೇಲೂ ‘ಮೇಡ್ ಇನ್ ಇಂಗ್ಲೆಂಡ್’ ಎಂದಿದೆ. ಮಾರಿದರೆ ಎಷ್ಟು ಬರಬಹುದು?

ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆಂದು ಹತಾರಗಳು ಅಟ್ಟದಿಂದ ಇಳಿದ ಮೇಲೆ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ, ಪ್ರತಿ ವರ್ಷವೂ ನನ್ನ ಉತ್ತರ ಒಂದೇ: ಬೆಲೆಯನ್ನು ನಿರ್ಧರಿಸುವುದು ಹತಾರದ ಸ್ಥಿತಿ, ಅದರ ಬಿಡಿಭಾಗಗಳೆಲ್ಲ ಇವೆಯೇ ಎಂಬುದು ಮತ್ತು ಆ ಮಾದರಿ ಎಷ್ಟು ವಿರಳ ಎಂಬುದು, ಬರೀ ವಯಸ್ಸಲ್ಲ. ಆದರೂ ‘ಬ್ರಿಟಿಷರ ಕಾಲದ್ದು, ಲಕ್ಷ ಬಾಳುತ್ತದೆ’ ಎಂಬ ನಂಬಿಕೆ ಕದಲದಿರುವುದರಿಂದ ಈ ಸಲ ಅದನ್ನೇ ಬಿಡಿಸಿ ಹೇಳುತ್ತೇನೆ.

ಇಂಗ್ಲೆಂಡಿನ ಮುದ್ರೆ ಇದ್ದ ಮಾತ್ರಕ್ಕೆ ಹತಾರ ಬ್ರಿಟಿಷರ ಕಾಲದ್ದಾಗುವುದಿಲ್ಲ. ಉಕ್ಕಿನ ಹತಾರಗಳಿಗೆ ಹೆಸರಾದ ಇಂಗ್ಲೆಂಡಿನ ಊರು ಶೆಫೀಲ್ಡಿನ ಕಾರ್ಖಾನೆಗಳು 1947ರ ನಂತರವೂ ದಶಕಗಳ ಕಾಲ ಅದೇ ಮುದ್ರೆ ಒತ್ತಿ ಮಾರಿವೆ. ಕೀಸುಳಿಗೆ ಹೆಸರಾದ ಸ್ಟ್ಯಾನ್ಲಿ ಮೂಲತಃ ಅಮೆರಿಕದ ಕಂಪನಿ. ಅದು ಶೆಫೀಲ್ಡಿನಲ್ಲಿ ಕಾರ್ಖಾನೆ ಕೊಂಡದ್ದೇ 1930ರ ದಶಕದ ಉತ್ತರಾರ್ಧದಲ್ಲಿ. ಹಾಗಿರುವಾಗ ಇಂಗ್ಲೆಂಡಿನ ಮುದ್ರೆಯ ಸ್ಟ್ಯಾನ್ಲಿ ಕೀಸುಳಿಯನ್ನು ಮುತ್ತಜ್ಜ 1900ರಲ್ಲಿ ತೋಟದ ದೊರೆಯಿಂದ ಪಡೆದರೆಂಬ ಮನೆತನದ ಕಥೆ ನಿಲ್ಲಲಾರದು. ಇಂಗ್ಲೆಂಡಿನದೇ ಇನ್ನೊಂದು ಬ್ರಾಂಡ್ ಆದ ರೆಕಾರ್ಡ್ ಹೆಸರಿನ ಕೀಸುಳಿಗಳು ಶುರುವಾದದ್ದು 1931ರಲ್ಲಿ. ಅಮೆರಿಕದಲ್ಲೇ ತಯಾರಾದ ಕೆಲವು ಸ್ಟ್ಯಾನ್ಲಿ ಕೀಸುಳಿಗಳ ಅಲಗು ಬಿಚ್ಚಿದರೆ ಒಳಗೆ ಎರಕದಲ್ಲೇ 1902ರ ತಾರೀಖು ಕಾಣುತ್ತದೆ; ಅದು ಪೇಟೆಂಟಿನ ತಾರೀಖೇ ಹೊರತು ತಯಾರಿಕೆಯದಲ್ಲ, ಮತ್ತು ಮುಂದಿನ ಹಲವು ವರ್ಷಗಳ ಮಾಲಿನ ಮೇಲೂ ಅದೇ ತಾರೀಖು ಇದೆ.

ಹತಾರ ನಿಜಕ್ಕೂ ಹಳೆಯದೇ ಎಂದು ಒಪ್ಪಿಕೊಂಡರೂ ಲಕ್ಷದ ಮಾತು ಬರುವುದಿಲ್ಲ. ಕೀಸುಳಿಗಳನ್ನು ಮಾದರಿಯ ನಂಬರಿನಿಂದ ಗುರುತಿಸುತ್ತಾರೆ; 4 ಮತ್ತು 5ನೇ ನಂಬರಿನವು ಬಡಗಿಗಳ ದಿನನಿತ್ಯದ ಹತಾರಗಳಾಗಿದ್ದರಿಂದ ಲೆಕ್ಕವಿಲ್ಲದಷ್ಟು ತಯಾರಾದವು, ಇಂದಿಗೂ ಬೇಕಾದಷ್ಟು ಉಳಿದಿವೆ. ಸಂಗ್ರಾಹಕರು ದೊಡ್ಡ ಮೊತ್ತ ಕೊಡುವುದು ಸುಮಾರು ಐದೂವರೆ ಇಂಚು ಉದ್ದದ 1ನೇ ನಂಬರಿನಂಥ ವಿರಳ ಮಾದರಿಗಳಿಗೆ. ಅದರ ಬೆಲೆಯನ್ನು ಎಲ್ಲೋ ಓದಿ ತಮ್ಮ 4ನೇ ನಂಬರಿಗೆ ಹೇಳುವವರಿಗೆ ಗಿರಾಕಿ ಸಿಗುವುದಿಲ್ಲ. ಬೆಲೆ ನೋಡುವಾಗಲೂ ಮಾರುವವರು ಕೇಳಿದ ಬೆಲೆಯನ್ನು ಬಿಟ್ಟು, ಅದೇ ನಂಬರಿನ ಹತಾರ ನಿಜವಾಗಿ ಮಾರಾಟವಾದ ಬೆಲೆಯನ್ನು ನೋಡಬೇಕು.

ಪರೀಕ್ಷೆ ಕಷ್ಟದ್ದಲ್ಲ. ಕೀಸುಳಿಯ ಒಡಲು ಎರಕದ ಕಬ್ಬಿಣದ್ದು, ಬಿದ್ದರೆ ಬಿರಿಯುತ್ತದೆ; ಅಲಗು ಹೊರಬರುವ ಸೀಳಿನ ಸುತ್ತ ಕೂದಲೆಳೆಯ ಬಿರುಕಾಗಲಿ ಬೆಸುಗೆಯ ಗುರುತಾಗಲಿ ಇದ್ದರೆ ಬೆಲೆ ಅಲ್ಲಿಗೇ ಕುಸಿಯುತ್ತದೆ. ಅಲಗಿನ ಉದ್ದ ಇನ್ನೆಷ್ಟು ಉಳಿದಿದೆ ಎಂದು ನೋಡಿ. ಕಕ್ಕಡ ತಿಂಗಳ (ಆಟಿಯ) ಮಳೆಯನ್ನು ಎಷ್ಟೋ ವರ್ಷ ಕಂಡ ನಮ್ಮ ಹತಾರಗಳಲ್ಲಿ ತುಕ್ಕು ಇದ್ದೇ ಇರುತ್ತದೆ. ಮೇಲ್ಮೈಯ ತುಕ್ಕಿನಿಂದ ನಷ್ಟವಿಲ್ಲ, ಆದರೆ ಉಳಿಯ ಚಪ್ಪಟೆ ಬೆನ್ನಿನಲ್ಲಿ, ಅಂಚಿನ ಹತ್ತಿರ ಗುಳಿ ಬಿದ್ದಿದ್ದರೆ ಹರಿತ ಸಮನಾಗಿ ಬರುವುದಿಲ್ಲ. ಗರಗಸದ ಅಲಗನ್ನು ಅಂಚಿನಿಂದ ಕಣ್ಣಿಟ್ಟು ನೋಡಿದರೆ ಮಡಿಚಿದ ಗುರುತು ತಿಳಿಯುತ್ತದೆ. ದಯವಿಟ್ಟು ಮಾರುವ ಮೊದಲು ಸಾಣೆ ಯಂತ್ರಕ್ಕೆ ಕೊಟ್ಟು ಹೊಳಪು ಮಾಡಿಸಬೇಡಿ; ಆ ಬಿಸಿಗೆ ಅಲಗಿನ ಹದ ಹೋಗುತ್ತದೆ, ಅಚ್ಚಿನ ಅಕ್ಷರವೂ ಸವೆಯುತ್ತದೆ.

ಯಾರೂ ಕೇಳದ ಒಂದು ವಿಷಯವನ್ನೂ ಇಲ್ಲೇ ಹೇಳಬೇಕು. ವಿದೇಶದ ಸಂಗ್ರಾಹಕರಿಗೆ ಕಳುಹಿಸುವ ಆಸೆಯಿಂದ ‘ನೂರು ವರ್ಷಕ್ಕೂ ಹಳೆಯದು’ ಎಂದು ಬರೆದುಕೊಳ್ಳುವವರಿದ್ದಾರೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ, ಹಿಂದಿನ ಕಾಲದ ಕರಕುಶಲತೆಯನ್ನು ತೋರುವ, ನೂರು ವರ್ಷಕ್ಕೆ ಕಡಿಮೆಯಿಲ್ಲದ ವಸ್ತುವೂ ಪುರಾತನ ವಸ್ತುವಾಗಬಹುದು, ಮತ್ತು ಅಂಥದ್ದನ್ನು ಖಾಸಗಿ ವ್ಯಕ್ತಿಗಳು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಆದ್ದರಿಂದ ವಯಸ್ಸನ್ನು ಊಹಿಸಿ ಬರೆಯಬೇಡಿ. ಹತಾರ ಆ ಗಡಿಯ ಆಸುಪಾಸಿನಲ್ಲಿದ್ದರೆ, ಅದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆದ ಮೇಲೆಯೇ ಪಾರ್ಸೆಲ್ ಕಟ್ಟಿ.